ಕೈಯಲ್ಲಿ ನಾಲ್ಕು ಸೀಟು, ಹೋಗಿ ನೋಡಲು ಎರಡೇ ದಿನ: ಯಾವ ಎಂಜಿನಿಯರಿಂಗ್ ಕಾಲೇಜಿಗೆ ಹೋಗಬೇಕು?

ಸಿಇಟಿ ಹಂಚಿಕೆ ಬಂದ ಮೇಲೆ ಚಾಯ್ಸ್ (ಬಂದ ಸೀಟನ್ನು ಇಟ್ಟುಕೊಳ್ಳುತ್ತೇವೋ ಬಿಡುತ್ತೇವೋ ಎಂಬ ಆಯ್ಕೆ) ದಾಖಲಿಸಲು ಸಿಗುವುದು ಕೆಲವೇ ದಿನ. ಅಷ್ಟರಲ್ಲಿ ಕಾಮೆಡ್-ಕೆ (ಖಾಸಗಿ ಕಾಲೇಜುಗಳ ಒಕ್ಕೂಟ ನಡೆಸುವ ಪ್ರವೇಶ ಪರೀಕ್ಷೆ) ಸೀಟಿನ ಗಡುವೂ ಹತ್ತಿರ ಬಂದಿರುತ್ತದೆ. ಬೇಸಿಗೆಯಲ್ಲೇ ಮುಂಗಡ ಕಟ್ಟಿಟ್ಟ ಖಾಸಗಿ ವಿಶ್ವವಿದ್ಯಾಲಯದಿಂದ ‘ಉಳಿದ ಫೀ ಯಾವಾಗ ಕಟ್ತೀರಿ’ ಎಂದು ಫೋನ್ ಬರುತ್ತಿರುತ್ತದೆ. ಈ ಗಡಿಬಿಡಿಯಲ್ಲಿ ಹೆಚ್ಚಿನ ಮನೆಗಳಲ್ಲಿ ಮಾಡುವುದೇನೆಂದರೆ, ಒಂದು ಕಾರು ಗೊತ್ತುಮಾಡಿಕೊಂಡು ಪಟ್ಟಿಯಲ್ಲಿರುವ ಕಾಲೇಜುಗಳನ್ನೆಲ್ಲ ಒಂದೇ ಉಸಿರಿಗೆ ಸುತ್ತಿಬರುವುದು. ಸಂಜೆ ಹೊತ್ತಿಗೆ ಐದು ಗೇಟು, ಐದು ಅಡ್ಮಿಷನ್ ಕೌಂಟರು, ಐದು ಬಣ್ಣದ ಪುಸ್ತಿಕೆ ನೋಡಿ ಆಗಿರುತ್ತದೆ. ಯಾವುದರಲ್ಲಿ ಏನಿತ್ತು ಎಂದು ಕೇಳಿದರೆ ಎಲ್ಲ ಕಲಸುಮೇಲೋಗರ.

ನಮ್ಮ ಸಲಹೆ ಇಷ್ಟೇ: ನೋಡಿ ಬಂದರೆ ನಿಮ್ಮ ತೀರ್ಮಾನ ಬದಲಾಗುವ ಸಾಧ್ಯತೆ ಇರುವ ಕಾಲೇಜಿಗೆ ಮಾತ್ರ ಹೋಗಿ. ಹೇಗಿದ್ದರೂ ಸೇರುವ ಕಾಲೇಜನ್ನು ಈಗ ನೋಡುವ ಅಗತ್ಯವಿಲ್ಲ, ಸೇರುವ ದಿನ ನೋಡಿದರಾಯಿತು. ಏನೇ ಆದರೂ ಸೇರದ ಕಾಲೇಜನ್ನು ನೋಡುವುದು ದಂಡ. ಇವೆರಡರ ನಡುವೆ ಉಳಿಯುವುದು ಸಾಮಾನ್ಯವಾಗಿ ಎರಡು, ಹೆಚ್ಚೆಂದರೆ ಮೂರು ಕಾಲೇಜು. ಅವು ಯಾವುವು ಎಂದು ಗೊತ್ತುಮಾಡಿಕೊಳ್ಳುವ ಕೆಲಸದಲ್ಲಿ ಮುಕ್ಕಾಲು ಭಾಗ ಮನೆಯಲ್ಲೇ ಮುಗಿಯುತ್ತದೆ.

ಮೊದಲು ಕೈಯಲ್ಲಿರುವುದನ್ನು ಬರೆದಿಡಿ

ಸಿಇಟಿಯಲ್ಲಿ ಒಂದು ಸುತ್ತಿಗೆ ಒಂದೇ ಸೀಟು ಬರುತ್ತದೆ. ಆದ್ದರಿಂದ ‘ನಾಲ್ಕು ಸೀಟು’ ಎಂದರೆ ಸಾಮಾನ್ಯವಾಗಿ ಹೀಗಿರುತ್ತದೆ: ಸಿಇಟಿಯ ಒಂದು, ಕಾಮೆಡ್-ಕೆಯ ಒಂದು, ಸ್ವಂತ ಪ್ರವೇಶ ಪರೀಕ್ಷೆ ನಡೆಸುವ ಖಾಸಗಿ ಅಥವಾ ಡೀಮ್ಡ್ ವಿಶ್ವವಿದ್ಯಾಲಯದ ಒಂದೆರಡು. ಇವುಗಳ ಜೊತೆಗೆ ಮುಂದಿನ ಸುತ್ತಿನಲ್ಲಿ ಬರಬಹುದಾದ, ಈಗಿನ ಸೀಟಿಗಿಂತ ಮೇಲೆ ಹಾಕಿರುವ ಆಪ್ಷನ್‌ಗಳೂ (ಆದ್ಯತೆಯ ಕ್ರಮದಲ್ಲಿ ನೀವು ತುಂಬಿದ ಕಾಲೇಜು–ಬ್ರಾಂಚ್‌ಗಳು) ಇರುತ್ತವೆ. ಅವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಯಾಕೆಂದು ಕೊನೆಯಲ್ಲಿ ಹೇಳುತ್ತೇವೆ.

ಒಂದು ಹಾಳೆಯಲ್ಲಿ ಪ್ರತಿ ಸೀಟಿಗೂ ಒಂದೊಂದು ಸಾಲು ಮಾಡಿ, ಇಷ್ಟನ್ನು ಬರೆಯಿರಿ: ಕಾಲೇಜಿನ ಪೂರ್ತಿ ಹೆಸರು ಮತ್ತು ಇರುವ ಜಾಗ, ಬ್ರಾಂಚ್, ನಾಲ್ಕು ವರ್ಷದ ಒಟ್ಟು ಖರ್ಚು, ಹಣ ಕಟ್ಟಲು ಕೊನೆಯ ದಿನಾಂಕ ಮತ್ತು ಗಂಟೆ, ಬಿಟ್ಟರೆ ಎಷ್ಟು ವಾಪಸ್ ಬರುತ್ತದೆ.

ಪೂರ್ತಿ ಹೆಸರು ಬರೆಯಿರಿ ಎನ್ನುವುದಕ್ಕೆ ಕಾರಣವಿದೆ. ಬಸವನಗುಡಿಯ ಬಿಎಂಎಸ್‌ಸಿಇ ಬೇರೆ, ಯಲಹಂಕ ಕಡೆಯ ಬಿಎಂಎಸ್‌ಐಟಿ ಬೇರೆ. ಮೈಸೂರು ರಸ್ತೆಯ ಆರ್‌ವಿಸಿಇ ಬೇರೆ, ಜೆ.ಪಿ. ನಗರದ ಆರ್‌ವಿಐಟಿಎಂ ಬೇರೆ, ಆರ್‌ವಿ ವಿಶ್ವವಿದ್ಯಾಲಯ ಇನ್ನೂ ಬೇರೆ. ಮಂಡ್ಯದ ಪಿಇಎಸ್ ಕಾಲೇಜಿಗೂ ಬೆಂಗಳೂರಿನ ಪಿಇಎಸ್ ವಿಶ್ವವಿದ್ಯಾಲಯಕ್ಕೂ ಆಡಳಿತ ಮಂಡಳಿಯೇ ಒಂದಲ್ಲ. ಆ ವಿಶ್ವವಿದ್ಯಾಲಯಕ್ಕೆ ಮತ್ತೆ ರಿಂಗ್ ರೋಡಿನಲ್ಲೊಂದು, ಎಲೆಕ್ಟ್ರಾನಿಕ್ ಸಿಟಿಯಲ್ಲೊಂದು ಕ್ಯಾಂಪಸ್. ‘ನಮ್ಮ ಹುಡುಗನಿಗೆ ಪಿಇಎಸ್ ಸಿಕ್ತು’ ಎಂದವರು ಯಾವ ಊರಿಗೆ ಬಸ್ ಹತ್ತಬೇಕೆಂದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಸಿಇಟಿ ನಡೆಸಿ ಸೀಟು ಹಂಚುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಪಟ್ಟಿಯಲ್ಲಿ ‘ಇ’ ಅಕ್ಷರದಿಂದ ಶುರುವಾಗುವ ಕಾಲೇಜು ಕೋಡ್ ಇರುತ್ತದೆ. ಹೆಸರಿನ ಬದಲು ಅದನ್ನೇ ಆಧಾರವಾಗಿಟ್ಟುಕೊಂಡರೆ ಗೊಂದಲವಿರದು.

ಒಟ್ಟು ಖರ್ಚಿಗೆ ಟ್ಯೂಷನ್ ಫೀ ಒಂದನ್ನೇ ಹಿಡಿಯಬೇಡಿ. ಒಂದೇ ಕಾಲೇಜಿನ ಒಂದೇ ತರಗತಿಯಲ್ಲಿ ಸಿಇಟಿ, ಕಾಮೆಡ್-ಕೆ, ಮ್ಯಾನೇಜ್‌ಮೆಂಟ್ ಎಂದು ಮೂರು ಬೆಲೆಯ ಮಕ್ಕಳು ಪಕ್ಕಪಕ್ಕ ಕೂತಿರುತ್ತಾರೆ. ಕಾಮೆಡ್-ಕೆ ಫೀ ಸಿಇಟಿ ಫೀಗಿಂತ ಸುಮಾರು ಎರಡು ಪಟ್ಟು, ಕೆಲವು ಕಡೆ ಅದಕ್ಕೂ ಹೆಚ್ಚು. ಇದರ ಮೇಲೆ ಹಾಸ್ಟೆಲ್ ಅಥವಾ ಪಿ.ಜಿ., ಮೆಸ್, ಕಾಲೇಜು ಬಸ್ಸು, ಲ್ಯಾಪ್‌ಟಾಪ್ ಮತ್ತು ರಸೀದಿಯಲ್ಲಿ ‘ಇತರೆ’ ಎಂದು ಕೂರುವ ಮೊತ್ತ ಸೇರುತ್ತವೆ. ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಫೀ ವರ್ಷವರ್ಷ ಏರುತ್ತದೋ, ನಾಲ್ಕು ವರ್ಷಕ್ಕೂ ಒಂದೇ ಇರುತ್ತದೋ ಎಂಬುದನ್ನು ಬರಹದಲ್ಲಿ ನೋಡಿ.

ಬಿಟ್ಟರೆ ವಾಪಸ್ ಬರುವ ಹಣದ ಬಗ್ಗೆ ಎಐಸಿಟಿಇ (ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ) ನಿಯಮ ಸ್ಪಷ್ಟವಾಗಿದೆ. ಕೋರ್ಸ್ ಶುರುವಾಗುವ ಮೊದಲೇ ಸೀಟು ಬಿಟ್ಟರೆ ₹1,000 ಮೀರದ ಸಂಸ್ಕರಣಾ ಶುಲ್ಕ ಕಳೆದು ಉಳಿದದ್ದನ್ನು ಹಿಂದಿರುಗಿಸಬೇಕು, ಮೂಲ ದಾಖಲೆಗಳನ್ನು ಒತ್ತೆಯಂತೆ ಇಟ್ಟುಕೊಳ್ಳುವಂತಿಲ್ಲ. ಅದರ ಕೊನೆಯ ದಿನಾಂಕ ಪ್ರತಿ ವರ್ಷದ ಎಐಸಿಟಿಇ ಕ್ಯಾಲೆಂಡರ್‌ನಲ್ಲಿರುತ್ತದೆ. ಕೆಇಎ ಮತ್ತು ಕಾಮೆಡ್-ಕೆ ಮೂಲಕ ಬಂದ ಸೀಟು ರದ್ದುಮಾಡಲು ಅವರವರದೇ ನಿಯಮ, ಅವರವರದೇ ದಂಡ. ಯಾವ ಸುತ್ತಿನ ನಂತರ ಬಿಟ್ಟರೆ ಎಷ್ಟು ಹೋಗುತ್ತದೆ ಎಂಬುದನ್ನು ಆ ವರ್ಷದ ಮಾಹಿತಿ ಪುಸ್ತಿಕೆಯಲ್ಲೇ ಓದಿ. ಹೋದ ವರ್ಷ ಅಣ್ಣ ಸೇರಿದಾಗ ಹೀಗಿತ್ತು ಎಂಬ ನೆನಪು ಇಲ್ಲಿ ಕೆಲಸಕ್ಕೆ ಬಾರದು.

ಈ ಹಾಳೆ ತುಂಬಿದ ಕೂಡಲೇ ಒಂದು ಸಾಲಾದರೂ ತಾನಾಗಿ ಅಳಿಸಿಹೋಗುತ್ತದೆ. ಸಾಲ ಮಾಡಿದರೂ ನಿಭಾಯಿಸಲಾಗದ ಸೀಟನ್ನು ‘ಸುಮ್ಮನೆ ಒಮ್ಮೆ ನೋಡಿಬರೋಣ’ ಎಂದು ಹೋಗಿ ನೋಡಬೇಡಿ. ಗಾಜಿನ ಕಟ್ಟಡ ನೋಡಿ ಬಂದ ಹದಿನೆಂಟರ ಮಗುವಿಗೆ ಆಮೇಲೆ ಬೇಡ ಎನ್ನುವುದು ಕಷ್ಟ.

ಹೋಗದೆಯೇ ತಿಳಿಯುವ ಸಂಗತಿಗಳು

ಉಳಿದ ಕಾಲೇಜುಗಳಿಗೆ ತಲಾ ಒಂದು ಗಂಟೆ ಕೊಡಿ. ಕಾಲೇಜಿನ ಮುಖಪುಟದಲ್ಲಿ ಓಡುವ ಪ್ಲೇಸ್‌ಮೆಂಟ್ ಪಟ್ಟಿ ಬೇಡ. ಆ ಕಾಲೇಜು ಎನ್‌ಐಆರ್‌ಎಫ್‌ಗೆ (ಕೇಂದ್ರ ಸರ್ಕಾರದ ರ‍್ಯಾಂಕಿಂಗ್ ವ್ಯವಸ್ಥೆ) ಸಲ್ಲಿಸಿದ ದಾಖಲೆ ತೆರೆಯಿರಿ. ರ‍್ಯಾಂಕಿಂಗ್‌ಗೆ ಅರ್ಜಿ ಹಾಕಿದ ಪ್ರತಿ ಸಂಸ್ಥೆಯೂ ಇದನ್ನು ತನ್ನ ಜಾಲತಾಣದಲ್ಲಿ ಹಾಕಿರುತ್ತದೆ. ರ‍್ಯಾಂಕ್ ಎಷ್ಟೇ ಇರಲಿ, ಒಳಗಿನ ಕೋಷ್ಟಕ ಮುಖ್ಯ. ನಾಲ್ಕು ವರ್ಷದ ಪದವಿಗೆ ಎಷ್ಟು ಜನ ಸೇರಿದರು, ಅವರಲ್ಲಿ ಎಷ್ಟು ಜನ ನಾಲ್ಕೇ ವರ್ಷದಲ್ಲಿ ಪಾಸಾದರು, ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ಅವರ ಸಂಬಳದ ಮೀಡಿಯನ್ ಎಷ್ಟು, ಎಷ್ಟು ಜನ ಮುಂದೆ ಓದಲು ಹೋದರು ಎಂಬುದೆಲ್ಲ ಅದರಲ್ಲಿದೆ. ಜಾಹೀರಾತಿನಲ್ಲಿ ಹೇಳುವುದು ‘ಅತಿ ಹೆಚ್ಚಿನ ಪ್ಯಾಕೇಜ್’. ಅದು ಒಬ್ಬರದು. ಮೀಡಿಯನ್ ಎಂದರೆ ಸಾಲಿನ ನಡುವೆ ನಿಂತ ವಿದ್ಯಾರ್ಥಿಯದು, ಬಹುಶಃ ನಿಮ್ಮ ಮಗುವಿನದೂ ಅದೇ. ಸೇರಿದವರಿಗೂ ಹೊತ್ತಿಗೆ ಸರಿಯಾಗಿ ಪಾಸಾದವರಿಗೂ ನಡುವೆ ದೊಡ್ಡ ಅಂತರ ಕಂಡರೆ ಅದನ್ನು ಗುರುತುಹಾಕಿಟ್ಟುಕೊಳ್ಳಿ. ಅಲ್ಲಿ ಹೋದಾಗ ಕೇಳಬೇಕಾದ ಮೊದಲ ಪ್ರಶ್ನೆ ಅದೇ.

ಎರಡನೆಯದು ಎನ್‌ಬಿಎ. ನ್ಯಾಕ್, ಎನ್‌ಬಿಎ ಎರಡೂ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ಸಂಸ್ಥೆಗಳು. ನ್ಯಾಕ್ ಶ್ರೇಣಿ ಇಡೀ ಸಂಸ್ಥೆಗೆ, ಎನ್‌ಬಿಎ ಮಾನ್ಯತೆ ಒಂದೊಂದು ಬ್ರಾಂಚಿಗೆ. ‘ನಮಗೆ ಎನ್‌ಬಿಎ ಇದೆ’ ಎಂಬ ಫಲಕ ಸಿವಿಲ್, ಮೆಕ್ಯಾನಿಕಲ್‌ಗಷ್ಟೇ ಸಂಬಂಧಿಸಿದ್ದಿರಬಹುದು. ನಿಮ್ಮ ಬ್ರಾಂಚಿಗೆ ಇದೆಯೇ, ಯಾವ ವರ್ಷದವರೆಗೆ ಇದೆ ಎಂದು ನೋಡಿ. ಎಐ–ಎಂಎಲ್, ಡೇಟಾ ಸೈನ್ಸ್‌ನಂಥ ಹೊಸ ಬ್ರಾಂಚ್‌ಗಳಲ್ಲಿ ಬ್ಯಾಚ್‌ಗಳು ಪಾಸಾಗಿ ಹೊರಬೀಳುವವರೆಗೆ ಎನ್‌ಬಿಎ ಸಿಗುವುದೇ ಇಲ್ಲ. ಹಾಗಾಗಿ ಅಲ್ಲಿ ಅದು ಇಲ್ಲದಿರುವುದು ದೋಷವಲ್ಲ. ಆದರೆ ಹೋಗಿ ನೋಡಲು ಅದೊಂದು ಕಾರಣ.

ಮೂರನೆಯದು ಸೀಟಿನ ಸಂಖ್ಯೆ. ಈಚಿನ ವರ್ಷಗಳಲ್ಲಿ ಲೆಕ್ಕಾಚಾರವನ್ನು ತಲೆಕೆಳಗು ಮಾಡಿದ್ದು ಇದು. 2024–25ರಿಂದ ಎಐಸಿಟಿಇ ಒಂದು ಬ್ರಾಂಚಿಗೆ ಇದ್ದ ಸೀಟುಗಳ ಗರಿಷ್ಠ ಮಿತಿಯನ್ನು ತೆಗೆದಿದೆ. ಬೇಡಿಕೆ ಇರುವ ಕಾಲೇಜುಗಳಲ್ಲಿ ಕಂಪ್ಯೂಟರ್ ಸೈನ್ಸ್ ಸೀಟುಗಳು ಏರಿವೆ. ನೀವು ಓದುವ ಪ್ಲೇಸ್‌ಮೆಂಟ್ ಅಂಕಿ 120 ಜನರ ಬ್ಯಾಚಿನದು, ನಿಮ್ಮ ಮಗು ಸೇರುವುದು ಅದರ ಎರಡು ಮೂರು ಪಟ್ಟು ದೊಡ್ಡ ಬ್ಯಾಚಿಗೆ ಎಂದಿಟ್ಟುಕೊಳ್ಳಿ. ಆಗ ಹಳೆಯ ಅಂಕಿಯ ಬಲ ಅಷ್ಟಕ್ಕಷ್ಟೆ. ಕೆಇಎ ಪ್ರಕಟಿಸುವ ಸೀಟ್ ಮ್ಯಾಟ್ರಿಕ್ಸನ್ನು (ಯಾವ ಕಾಲೇಜಿನ ಯಾವ ಬ್ರಾಂಚಿನಲ್ಲಿ ಎಷ್ಟು ಸೀಟು ಎಂಬ ಪಟ್ಟಿ) ಮೂರು ವರ್ಷದ ಹಿಂದಿನದರ ಪಕ್ಕದಲ್ಲಿಟ್ಟು ನೋಡಿ.

ಇದರ ಜೊತೆಗೆ ಒಂದು ಸಣ್ಣ ಲೆಕ್ಕ. ಎಐಸಿಟಿಇ ಪ್ರಕಾರ 20 ವಿದ್ಯಾರ್ಥಿಗಳಿಗೆ ಒಬ್ಬ ಬೋಧಕರು ಬೇಕು. ಬ್ರಾಂಚಿನಲ್ಲಿ ವರ್ಷಕ್ಕೆ 240 ಸೀಟಾದರೆ ನಾಲ್ಕು ವರ್ಷಕ್ಕೆ 960 ವಿದ್ಯಾರ್ಥಿಗಳು, ಅಂದರೆ 48 ಬೋಧಕರು. ಕಾಲೇಜಿನ ಜಾಲತಾಣದಲ್ಲಿ ‘ಮ್ಯಾಂಡೇಟರಿ ಡಿಸ್‌ಕ್ಲೋಷರ್’ ಎಂಬ ಪುಟದಲ್ಲಿ ವಿಭಾಗವಾರು ಬೋಧಕರ ಹೆಸರು ಇರಬೇಕು. ಎಣಿಸಿ. 48 ಇರಬೇಕಾದಲ್ಲಿ 30 ಹೆಸರಿದ್ದರೆ ಉಳಿದ ಪಾಠಗಳನ್ನು ಯಾರು ಮಾಡುತ್ತಾರೆ ಎಂಬ ಪ್ರಶ್ನೆಯೂ ನಿಮ್ಮ ಚೀಟಿಗೆ ಸೇರಲಿ.

ಕಟಾಫ್ (ಹಿಂದೆ ಸೀಟು ಸಿಕ್ಕ ಕೊನೆಯ ರ‍್ಯಾಂಕ್) ನೋಡುವಾಗ ಎಲ್ಲರೂ ಜಿಎಂ (ಜನರಲ್ ಮೆರಿಟ್) ಕಾಲಂ ನೋಡಿ ಹೆದರುತ್ತಾರೆ ಅಥವಾ ಹಿಗ್ಗುತ್ತಾರೆ. ನಿಮ್ಮ ಪ್ರವರ್ಗದ ಕಾಲಂ ನೋಡಿ. ಪ್ರವರ್ಗದ ಕೋಡ್ ಕೊನೆಯಲ್ಲಿ ಬರುವ ‘ಕೆ’ ಕನ್ನಡ ಮಾಧ್ಯಮಕ್ಕೆ, ‘ಆರ್’ ಗ್ರಾಮೀಣಕ್ಕೆ. ಎರಡೂ ಪ್ರಮಾಣಪತ್ರ ಇರುವವರಿಗೆ ಎರಡೂ ಕಾಲಂ ಅನ್ವಯಿಸುತ್ತವೆ. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371(ಜೆ) ವಿಧಿ ಕೊಡುವ ಮೀಸಲಿನ ಅರ್ಹತೆ ಇದ್ದರೆ ಪಟ್ಟಿಯೇ ಬೇರೆ. ಆ ಭಾಗದ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇ 70, ಉಳಿದೆಡೆ ಶೇ 8 ಸೀಟು ಮೀಸಲಿರುವುದರಿಂದ ಇತರರಿಗೆ ಎಟುಕದ ಕಾಲೇಜು ನಿಮ್ಮ ಕೈಗೆ ಎಟುಕಬಹುದು.

ಯಾವುದನ್ನು ನೋಡಬೇಕು

ಈಗ ಉಳಿದ ಪ್ರತಿ ಕಾಲೇಜಿನ ಮುಂದೆ ಒಂದು ವಾಕ್ಯ ಬರೆಯಿರಿ: ‘ಅಲ್ಲಿ ಹೋದಾಗ ಇಂಥದ್ದು ಕಂಡರೆ ಸೇರುತ್ತೇವೆ, ಇಲ್ಲದಿದ್ದರೆ ಬಿಡುತ್ತೇವೆ.’ ವಾಕ್ಯ ಹೊಳೆಯದಿದ್ದರೆ ಅಲ್ಲಿಗೆ ಹೋಗಬೇಡಿ. ‘ಹುಡುಗಿಯರ ಹಾಸ್ಟೆಲ್ ಕ್ಯಾಂಪಸ್ ಒಳಗೇ ಇದ್ದರೆ ಸೇರುತ್ತೇವೆ’, ‘ಇಎನ್‌ಸಿ (ಎಲೆಕ್ಟ್ರಾನಿಕ್ಸ್ ಮತ್ತು ಕಮ್ಯುನಿಕೇಷನ್) ವಿಭಾಗಕ್ಕೆ ಪೂರ್ಣಾವಧಿ ಬೋಧಕರು ಸಾಕಷ್ಟಿದ್ದರೆ ಊರ ಹತ್ತಿರದ್ದನ್ನೇ ಇಟ್ಟುಕೊಳ್ಳುತ್ತೇವೆ’ ಎಂಬಂಥ ವಾಕ್ಯಗಳು ಕೆಲಸಕ್ಕೆ ಬರುತ್ತವೆ. ‘ವಾತಾವರಣ ಹೇಗಿದೆ ನೋಡೋಣ’ ಎಂಬುದು ವಾಕ್ಯವಲ್ಲ, ಪ್ರವಾಸ.

ಹಳೆಯ, ನಗರದ ನಡುವಿನ ಕಾಲೇಜುಗಳ ಬಗ್ಗೆ ಕಾಗದದ ಮೇಲೆ ಸಿಗುವ ಮಾಹಿತಿಯೇ ಬಹುಮಟ್ಟಿಗೆ ಸಾಕು. ಕೆ.ಆರ್. ವೃತ್ತದ ಯುವಿಸಿಇ 1917ರದು, ಮೈಸೂರಿನ ಎನ್‌ಐಇ 1946ರದು. ಇಂಥವುಗಳ ಗುಣದೋಷ ಹೇಳಲು ನಿಮ್ಮ ತಾಲ್ಲೂಕಿನಲ್ಲೇ ಹಳೆಯ ವಿದ್ಯಾರ್ಥಿಗಳು ಸಿಗುತ್ತಾರೆ. ಯುವಿಸಿಇ ಕಟ್ಟಡ ಹಳೆಯದು, ಕ್ಯಾಂಪಸ್ ಚಿಕ್ಕದು ಎಂಬುದು ಎಲ್ಲರಿಗೂ ಗೊತ್ತು. ಅದನ್ನು ಕಣ್ಣಾರೆ ಕಂಡು ಬೇಸರಪಟ್ಟುಕೊಳ್ಳುವುದರಿಂದ ತೀರ್ಮಾನಕ್ಕೆ ಹೊಸದೇನೂ ಸೇರುವುದಿಲ್ಲ.

ಕಾಲಿಟ್ಟೇ ನೋಡಬೇಕಾದವು ಬೇರೆ. ಊರ ಹೊರಗಿರುವ, ಹಾಸ್ಟೆಲನ್ನೇ ನೆಚ್ಚಬೇಕಾದ ಕಾಲೇಜು ಒಂದು. ಸೀಟು ಒಮ್ಮೆಲೇ ಏರಿಸಿಕೊಂಡದ್ದು ಇನ್ನೊಂದು: ಅಲ್ಲಿ ಕೋಣೆ, ಲ್ಯಾಬು ಅದಕ್ಕೆ ತಕ್ಕಂತೆ ಬೆಳೆದಿವೆಯೇ ಎಂಬುದು ಯಾವ ದಾಖಲೆಯಲ್ಲೂ ಕಾಣದು. ಒಂದೂ ಬ್ಯಾಚ್ ಪಾಸಾಗದ ಹೊಸ ಬ್ರಾಂಚ್ ಮೂರನೆಯದು. ನಾಲ್ಕನೆಯದು, ಈಚೆಗೆ ಕಾಲೇಜಿನಿಂದ ವಿಶ್ವವಿದ್ಯಾಲಯವಾದದ್ದು. ಹುಬ್ಬಳ್ಳಿಯ ಬಿವಿಬಿ ಈಗ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ, ಮೈಸೂರಿನ ಎಸ್‌ಜೆಸಿಇ ಈಗ ಜೆಎಸ್‌ಎಸ್ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದಲ್ಲಿದೆ. ಇವು ಬದಲಾವಣೆ ದಾಟಿ ನೆಲೆನಿಂತವು. ಹೋದ ವರ್ಷವಷ್ಟೇ ಬೋರ್ಡು ಬದಲಿಸಿದಲ್ಲಿ ಮಾತ್ರ ಪಠ್ಯಕ್ರಮ, ಪರೀಕ್ಷೆ, ಫೀ, ಪದವಿಪತ್ರದ ಮೇಲಿನ ಹೆಸರು ಎಲ್ಲವೂ ವಿಟಿಯುನಿಂದ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಹೊರಗೆ ಬಂದಿರುತ್ತವೆ. ಹಳೆಯ ಹೆಸರಿನ ಸಾಧನೆಯನ್ನು ಹೊಸ ಹೆಸರಿಗೆ ಎಷ್ಟರಮಟ್ಟಿಗೆ ಹಚ್ಚಬಹುದೆಂದು ಅಲ್ಲೇ ಕೇಳಬೇಕು.

ಒಂದೇ ಕಾಲೇಜಿನಲ್ಲಿ ಸಿಇಟಿ ಆಪ್ಷನ್ನೂ ಕಾಮೆಡ್-ಕೆ ಸೀಟೂ ಇದ್ದರೆ ಒಂದೇ ಭೇಟಿ ಸಾಕು. ಅಲ್ಲಿ ಉಳಿಯುವುದು ಫೀ ಪ್ರಶ್ನೆ, ಅದಕ್ಕೆ ಉತ್ತರ ಮನೆಯಲ್ಲೇ ಇದೆ.

ಹೋಗುವ ಹೊತ್ತು

ಭೇಟಿಗೆ ಸರಿಯಾದ ಸಮಯ ಅಣಕು ಹಂಚಿಕೆಯ (ಯಾವ ಸೀಟು ಬರಬಹುದೆಂದು ಕೆಇಎ ಮೊದಲೇ ತೋರಿಸುವ ಮಾದರಿ ಹಂಚಿಕೆ) ನಂತರ, ನಿಜವಾದ ಹಂಚಿಕೆಗೆ ಮೊದಲು. ಅಣಕು ಹಂಚಿಕೆ ಬಂದ ಮೇಲೆ ಆಪ್ಷನ್‌ಗಳನ್ನು ಮೇಲೆ ಕೆಳಗೆ ಮಾಡಲು, ತೆಗೆಯಲು, ಸೇರಿಸಲು ಕೆಇಎ ಅವಕಾಶ ಕೊಡುತ್ತದೆ. ನಿಮ್ಮ ರ‍್ಯಾಂಕ್ ಎಲ್ಲಿ ನಿಲ್ಲುತ್ತದೆ ಎಂಬುದೂ ಆಗ ಗೊತ್ತಾಗಿರುತ್ತದೆ. ಅಣಕಿನಲ್ಲಿ ಬಂದ ಸೀಟು, ಅದರ ಮೇಲಿನ ಎರಡು ಮೂರು ಆಪ್ಷನ್, ಕೆಳಗಿನ ಎರಡು, ಇಷ್ಟರಲ್ಲೇ ನೋಡಬೇಕಾದ ಕಾಲೇಜು ಇರುತ್ತದೆ. ಅಣಕು ಸೀಟೇ ನಿಜದಲ್ಲೂ ಬರುತ್ತದೆಂದು ನಂಬಿ ಕೂರಬೇಡಿ. ನಿಮ್ಮಂತೆಯೇ ಸಾವಿರಾರು ಜನ ಆಪ್ಷನ್ ಬದಲಿಸುತ್ತಾರೆ, ಎನ್‌ಐಟಿ ಸಿಕ್ಕವರು ಹೊರಗೆ ಹೋಗುತ್ತಾರೆ.

ವಾರದ ದಿನ ಹೋಗಿ. ಭಾನುವಾರ ಕಾಣುವುದು ಕಟ್ಟಡ ಮತ್ತು ಸೆಕ್ಯುರಿಟಿ. ಕಾಲೇಜೇ ಏರ್ಪಡಿಸುವ ‘ಓಪನ್ ಡೇ’ ದಿನ ನಿಮಗೆ ತೋರಿಸಬೇಕಾದ್ದನ್ನಷ್ಟೇ ತೋರಿಸುತ್ತಾರೆ. ತೊಡಕೆಂದರೆ, ಜುಲೈ–ಆಗಸ್ಟಿನಲ್ಲಿ ಅನೇಕ ಕಡೆ ಸೆಮಿಸ್ಟರ್ ಪರೀಕ್ಷೆ ನಡೆಯುತ್ತಿರುತ್ತದೆ, ತರಗತಿ ಇರುವುದಿಲ್ಲ. ಅದನ್ನೇ ಅನುಕೂಲ ಮಾಡಿಕೊಳ್ಳಬಹುದು. ವಿಟಿಯು ಪರೀಕ್ಷೆ ಸಾಮಾನ್ಯವಾಗಿ ಬೆಳಗಿನ 9.30ರಿಂದ 12.30, ಮಧ್ಯಾಹ್ನ 2ರಿಂದ 5. ಹನ್ನೆರಡೂವರೆಗೆ ಗೇಟಿನ ಬಳಿ ನಿಂತರೆ ಪರೀಕ್ಷೆ ಬರೆದು ಹೊರಬರುವವರು ಕಾಲೇಜಿನ ಬಗ್ಗೆ ಸುಳ್ಳು ಹೇಳುವ ಸ್ಥಿತಿಯಲ್ಲಿ ಇರುವುದಿಲ್ಲ.

ಒಂದು ಕಾಲೇಜಿಗೆ ಮೂರು ಗಂಟೆ ಬೇಕು, ದಿನಕ್ಕೆ ಎರಡು ಕಾಲೇಜು ಸಾಕು. ಗಡುವು ಮೊದಲು ಮುಗಿಯುವ ಸೀಟಿನ ಕಾಲೇಜನ್ನು ಮೊದಲು ನೋಡಿ, ಹೆಚ್ಚು ಇಷ್ಟವಿರುವುದನ್ನಲ್ಲ. ಒಂದೇ ಕಡೆಯವನ್ನು ಜೋಡಿ ಮಾಡಿ: ಹುಬ್ಬಳ್ಳಿ ವಿದ್ಯಾನಗರದ ಕೆಎಲ್‌ಇ ಬೆಳಿಗ್ಗೆ ಮುಗಿಸಿ ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಹೋದರೆ ಮಧ್ಯಾಹ್ನ ಎಸ್‌ಡಿಎಂ ಆಗುತ್ತದೆ. ಮೈಸೂರಿನಲ್ಲಿ ಎನ್‌ಐಇ, ಎಸ್‌ಜೆಸಿಇ ಒಂದು ದಿನಕ್ಕೆ ಸಲೀಸು. ಬೆಂಗಳೂರಿನಲ್ಲಿ ಮೈಸೂರು ರಸ್ತೆಯ ಕಾಲೇಜಿಗೂ ಯಲಹಂಕದಾಚೆಯದಕ್ಕೂ ಒಂದೇ ದಿನ ಹೋಗುವ ಯೋಜನೆ ಹಾಕಿದರೆ ಟ್ರಾಫಿಕ್ಕಿನಲ್ಲೇ ಅರ್ಧ ದಿನ ಹೋಗುತ್ತದೆ. ಸಾಧ್ಯವಾದಷ್ಟು ಬಸ್ಸು, ಮೆಟ್ರೊದಲ್ಲೇ ಹೋಗಿ. ಮಗು ನಾಲ್ಕು ವರ್ಷ ಓಡಾಡುವುದು ಅದರಲ್ಲೇ.

ಮಗು ಮತ್ತು ಮನೆಯ ಒಬ್ಬ ಹಿರಿಯರು ಹೋದರೆ ಸಾಕು. ಮಾವ, ಚಿಕ್ಕಪ್ಪ, ಪಕ್ಕದ ಮನೆಯ ಲೆಕ್ಚರರ್ ಎಲ್ಲ ಸೇರಿದರೆ ಮಗು ಬಾಯಿ ಬಿಡುವುದಿಲ್ಲ. ಅಂಕಪಟ್ಟಿ, ರ‍್ಯಾಂಕ್ ಪ್ರತಿಗಳ ಜೆರಾಕ್ಸ್ ಇಟ್ಟುಕೊಳ್ಳಿ. ಮೂಲ ಅಂಕಪಟ್ಟಿ, ಟಿ.ಸಿ., ಚೆಕ್ ಪುಸ್ತಕ ಮನೆಯಲ್ಲಿರಲಿ. ‘ಇವತ್ತೇ ಕಟ್ಟಿದರೆ ಸ್ಕಾಲರ್‌ಶಿಪ್, ನಾಳೆ ಸೀಟಿಲ್ಲ’ ಎಂಬ ಮಾತು ಅಡ್ಮಿಷನ್ ಕೌಂಟರಿನಲ್ಲಿ ಕೇಳಿಸುವುದು ಅಪರೂಪವಲ್ಲ. ಕೈಯಲ್ಲಿ ಚೆಕ್ ಇಲ್ಲದಿದ್ದರೆ ಉತ್ತರ ಸುಲಭ. ಯುಪಿಐ ಇರುವ ಕಾಲದಲ್ಲಿ ಮನಸ್ಸನ್ನೂ ಗಟ್ಟಿಮಾಡಿಕೊಂಡಿರಬೇಕು.

ಗೇಟಿನ ಒಳಗೆ

ಅಡ್ಮಿಷನ್ ಕೌಂಟರಿಗೆ ಕೊನೆಯಲ್ಲಿ ಹೋಗಿ. ಮೊದಲು ಹೋದರೆ ಅವರು ಜೊತೆಗೆ ಒಬ್ಬರನ್ನು ಕಳಿಸುತ್ತಾರೆ, ಆಮೇಲೆ ಕಾಣುವುದು ಸೆಮಿನಾರ್ ಹಾಲು ಮತ್ತು ಜಿಮ್ಮು. ಒಳಬಿಡಲು ಅನುಮತಿ ಬೇಕೇಬೇಕು ಎಂದರೆ ನೇರವಾಗಿ ನಿಮ್ಮ ವಿಭಾಗದ ಮುಖ್ಯಸ್ಥರನ್ನು ನೋಡಬೇಕೆಂದು ಹೇಳಿ.

ವಿಭಾಗದ ನೋಟಿಸ್ ಬೋರ್ಡ್ ಮುಂದೆ ಹತ್ತು ನಿಮಿಷ ನಿಲ್ಲಿ. ವೇಳಾಪಟ್ಟಿಯಲ್ಲಿ ಪಾಠ ಮಾಡುವವರ ಹೆಸರಿನ ಮೊದಲಕ್ಷರಗಳಿರುತ್ತವೆ. ಅದೇ ಎರಡು ಮೂರು ಅಕ್ಷರ ಎಲ್ಲ ಸೆಕ್ಷನ್‌ಗಳಲ್ಲೂ ಮರಳಿ ಬಂದರೆ ಬೋಧಕರು ಕಡಿಮೆ. ಹೆಸರಿನ ಜಾಗದಲ್ಲಿ ‘ಹೊಸಬರು’ ಎಂಬರ್ಥದ ಗುರುತು ಇದ್ದರೆ ಹುದ್ದೆ ಖಾಲಿ. ಹಾಜರಾತಿ ಕೊರತೆಯವರ ಪಟ್ಟಿ ಹಚ್ಚಿದ್ದರೆ ಅದು ಒಳ್ಳೆಯ ಲಕ್ಷಣವೇ, ಯಾರೋ ಲೆಕ್ಕ ಇಡುತ್ತಿದ್ದಾರೆ ಎಂದರ್ಥ. ಬೋರ್ಡಿನ ಮೇಲಿನ ಎಲ್ಲ ಕಾಗದವೂ ಎರಡು ವರ್ಷ ಹಳೆಯದಾಗಿದ್ದರೆ ಅದನ್ನೂ ಬರೆದುಕೊಳ್ಳಿ.

ಲ್ಯಾಬಿನಲ್ಲಿ ಯಂತ್ರ ಎಷ್ಟಿವೆ ಎಂದು ಕೇಳಿದರೆ ಸಾಲದು, ಒಂದು ಬ್ಯಾಚಿನಲ್ಲಿ ಎಷ್ಟು ಜನ, ಒಂದು ಯಂತ್ರಕ್ಕೆ ಎಷ್ಟು ಜನ ಎಂದು ಕೇಳಿ. ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಆಸಿಲೋಸ್ಕೋಪುಗಳ ಪ್ರೋಬ್ ನೋಡಿ: ಬಳಸಿ ಸವೆದಿದ್ದರೆ ಸರಿ, ಪ್ಲಾಸ್ಟಿಕ್ ಕವರಿನೊಳಗೇ ಇದ್ದರೆ ಅದು ತಪಾಸಣೆಗೆ ಬರುವವರಿಗಾಗಿ ಇಟ್ಟದ್ದು. ಮೆಕ್ಯಾನಿಕಲ್ ವರ್ಕ್‌ಶಾಪಿನಲ್ಲಿ ಲೇತಿನ ಕೆಳಗೆ ಲೋಹದ ಸಿಪ್ಪೆ ಇರಬೇಕು. ಕಂಪ್ಯೂಟರ್ ಲ್ಯಾಬು ಎಲ್ಲ ಕಡೆ ಒಂದೇ ಥರ ಕಾಣುತ್ತದೆ. ಅಲ್ಲಿ ಕೇಳಬೇಕಾದ್ದು, ತರಗತಿ ಮುಗಿದ ಮೇಲೆ ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ ಎಂಬುದು.

ಮಾತಾಡಿಸಬೇಕಾದವರು ಎರಡನೇ ಮತ್ತು ಮೂರನೇ ವರ್ಷದವರು. ಮೊದಲ ವರ್ಷದವರಿಗೆ ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್ ಎಂಬ ಎಲ್ಲರಿಗೂ ಸಾಮಾನ್ಯವಾದ ವಿಷಯಗಳನ್ನು ಬಿಟ್ಟು ವಿಭಾಗ ಗೊತ್ತಿರುವುದಿಲ್ಲ. ಕೊನೆಯ ವರ್ಷದವರ ಮನಸ್ಸು ಆಗಲೇ ಹೊರಗಿರುತ್ತದೆ. ಕನಿಷ್ಠ ಐದು ಜನರನ್ನು, ಬೇರೆ ಬೇರೆ ಗುಂಪಿನಿಂದ ಮಾತಾಡಿಸಿ. ಅದರಲ್ಲಿ ಒಬ್ಬರು ಡಿಪ್ಲೊಮಾ ಮುಗಿಸಿ ಮೂರನೇ ಸೆಮಿಸ್ಟರಿಗೆ ಬಂದವರಿರಲಿ, ಒಬ್ಬರು ಕನ್ನಡ ಮಾಧ್ಯಮದಿಂದ ಬಂದವರಿರಲಿ. ‘ಕಾಲೇಜು ಹೇಗಿದೆ?’ ಎಂದು ಕೇಳಬೇಡಿ. ‘ಪರವಾಗಿಲ್ಲ ಅಂಕಲ್’ ಎಂದಷ್ಟೇ ಉತ್ತರ ಬರುತ್ತದೆ. ಹೀಗೆ ಕೇಳಿ: ಹೋದ ಸೆಮಿಸ್ಟರಿನಲ್ಲಿ ಯಾವ ವಿಷಯದ ಪಾಠಗಾರರು ನಡುವೆ ಬದಲಾದರು? ಗಣಿತದಲ್ಲಿ ನಿಮ್ಮ ಸೆಕ್ಷನ್ನಿನಲ್ಲಿ ಎಷ್ಟು ಜನಕ್ಕೆ ಬ್ಯಾಕ್ (ಪಾಸಾಗದೆ ಉಳಿದ ವಿಷಯ) ಇದೆ? ಇಂಟರ್ನಲ್ ಉತ್ತರಪತ್ರಿಕೆ ತಿದ್ದಿ ವಾಪಸ್ ಕೊಡುತ್ತಾರಾ? ಯಾವ ಕಾರಣಕ್ಕೆ ಫೈನ್ ಹಾಕುತ್ತಾರೆ? ನಿಮ್ಮ ತಂಗಿಯನ್ನು ಇದೇ ಬ್ರಾಂಚಿಗೆ ಸೇರಿಸ್ತೀರಾ? ಕೊನೆಯ ಪ್ರಶ್ನೆಗೆ ಬರುವ ಉತ್ತರಕ್ಕಿಂತ, ಉತ್ತರಕ್ಕೆ ಮುಂಚೆ ಎಷ್ಟು ಹೊತ್ತು ಸುಮ್ಮನಿದ್ದರು ಎಂಬುದನ್ನು ಗಮನಿಸಿ.

ಗೇಟಿನಾಚೆಯ ಜೆರಾಕ್ಸ್ ಅಂಗಡಿಗೂ ಹೋಗಿ. ಬರೆದಿಟ್ಟ ಲ್ಯಾಬ್ ರೆಕಾರ್ಡುಗಳು, ಸಿದ್ಧ ಪ್ರಾಜೆಕ್ಟ್ ವರದಿಗಳು ಅಲ್ಲಿ ಸಾಲಾಗಿ ಮಾರಾಟಕ್ಕಿದ್ದರೆ ಒಳಗಿನ ಮೌಲ್ಯಮಾಪನ ಎಂಥದ್ದೆಂದು ಅಂದಾಜಾಗುತ್ತದೆ.

ಪ್ಲೇಸ್‌ಮೆಂಟ್ ಅಧಿಕಾರಿ ಸಿಕ್ಕರೆ ನಿಮ್ಮ ಬ್ರಾಂಚಿನ ನಾಲ್ಕು ಅಂಕಿ ಕೇಳಿ: ಒಟ್ಟು ವಿದ್ಯಾರ್ಥಿಗಳು, ಅರ್ಹರಾದವರು, ನೋಂದಾಯಿಸಿದವರು, ಕೆಲಸ ಸಿಕ್ಕ ವ್ಯಕ್ತಿಗಳು. ‘ಶೇ 95’ ಎಂದು ಹೇಳುವಾಗ ಕೆಳಗಿನ ಸಂಖ್ಯೆ ಒಟ್ಟು ವಿದ್ಯಾರ್ಥಿಗಳದೋ ಅರ್ಹರದೋ ಎಂಬುದರಲ್ಲೇ ಗುಟ್ಟು ಅಡಗಿರುತ್ತದೆ. ಬ್ಯಾಕ್ ಇದ್ದವರು, ಅಂಕ ಕಡಿಮೆ ಇದ್ದವರು ಅರ್ಹರ ಲೆಕ್ಕದಿಂದ ಮೊದಲೇ ಹೊರಗೆ. ಇನ್ನು ‘800 ಆಫರ್’ ಎಂದರೆ 800 ಜನ ಎಂದಲ್ಲ, ಒಬ್ಬರ ಕೈಯಲ್ಲಿ ಮೂರು ಆಫರ್ ಇರಬಹುದು.

ಹಾಸ್ಟೆಲ್ ವಿಚಾರದಲ್ಲಿ ಮೋಸಹೋಗುವುದು ಹೆಚ್ಚು. ತೋರಿಸುವ ಮಾದರಿ ಕೋಣೆ ಬೇಡ, ಮೊದಲ ವರ್ಷದವರು ಈಗ ಇರುವ ಕೋಣೆ ತೋರಿಸಿ ಎನ್ನಿ. ಕೋಣೆಗೆ ಎಷ್ಟು ಜನ, ಎಷ್ಟು ಜನಕ್ಕೆ ಒಂದು ಶೌಚಾಲಯ, ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿ. ಬೋರ್‌ವೆಲ್ಲೋ, ಕಾವೇರಿಯೋ, ಟ್ಯಾಂಕರೋ ಎಂಬುದು ಬೆಂಗಳೂರಿನ ಹೊರವಲಯದಲ್ಲಿ ಸಣ್ಣ ಪ್ರಶ್ನೆಯಲ್ಲ, 2024ರ ಬೇಸಿಗೆ ಅದನ್ನು ತೋರಿಸಿದೆ. ಮೊದಲ ವರ್ಷ ಹಾಸ್ಟೆಲ್ ಕೊಟ್ಟು ಎರಡನೇ ವರ್ಷ ಹೊರಗೆ ಕಳಿಸುವ ಪದ್ಧತಿ ಇದೆಯೇ ಎಂದೂ ಕೇಳಬೇಕು. ಹಾಗಿದ್ದರೆ ಸುತ್ತಲಿನ ಪಿ.ಜಿ.ಗಳನ್ನು ಇವತ್ತೇ ನೋಡಿಕೊಂಡು ಬನ್ನಿ. ಸಾಧ್ಯವಿದ್ದರೆ ಮೆಸ್ಸಿನಲ್ಲಿ ಒಂದು ಹೊತ್ತು ಊಟ ಮಾಡಿ. ಹುಡುಗಿಯರ ಹಾಸ್ಟೆಲ್ ಗೇಟು ಎಷ್ಟು ಹೊತ್ತಿಗೆ ಮುಚ್ಚುತ್ತದೆ, ಲೈಬ್ರರಿ ಎಷ್ಟು ಹೊತ್ತಿಗೆ ಮುಚ್ಚುತ್ತದೆ ಎಂದು ಎರಡನ್ನೂ ಕೇಳಿ. ಲೈಬ್ರರಿ ರಾತ್ರಿ ಹತ್ತರವರೆಗೆ ತೆರೆದಿದ್ದು ಗೇಟು ಏಳಕ್ಕೇ ಮುಚ್ಚುವುದಾದರೆ ಆ ಲೈಬ್ರರಿ ಅರ್ಧ ಜನಕ್ಕಷ್ಟೇ.

ಹೋಗಲು ಆಗದಿದ್ದರೆ

ಬೀದರ್‌ನಿಂದ ಮಂಗಳೂರಿಗೆ ಎರಡು ದಿನ, ಅಷ್ಟೊಂದು ಹಣ ಖರ್ಚು ಮಾಡಿ ಹೋಗುವುದು ಎಲ್ಲರಿಗೂ ಆಗದು. ನಿಮ್ಮ ಪಿಯು ಕಾಲೇಜಿನ ಲೆಕ್ಚರರನ್ನು ಕೇಳಿ. ಹಿಂದಿನ ಎರಡು ಮೂರು ವರ್ಷಗಳಲ್ಲಿ ಅಲ್ಲಿಗೆ ಸೇರಿದವರು ಅವರಿಗೆ ಗೊತ್ತಿರುತ್ತಾರೆ. ಅಂಥ ಇಬ್ಬರಿಗೆ ಫೋನ್ ಮಾಡಿ ಮೇಲಿನ ಪ್ರಶ್ನೆಗಳನ್ನೇ ಕೇಳಿ, ಹಾಸ್ಟೆಲ್ ಕೋಣೆಯನ್ನು ವಿಡಿಯೊ ಕಾಲ್‌ನಲ್ಲಿ ತೋರಿಸಲು ಹೇಳಿ. ಊರಿನ ಪರಿಚಯಕ್ಕೆ ಹುಡುಗರು ಇಷ್ಟು ಮಾಡುತ್ತಾರೆ. ಕರೆ ಮಾಡಿ ‘ಸೀಟು ಕೊಡಿಸುತ್ತೇನೆ, ಕಾಲೇಜನ್ನೂ ತೋರಿಸುತ್ತೇನೆ’ ಎನ್ನುವ ಏಜೆಂಟರ ಕಾರು ಹತ್ತಬೇಡಿ. ಅವರಿಗೆ ಕಮಿಷನ್ ಕೊಡುವ ಕಾಲೇಜಿಗಷ್ಟೇ ಅದು ಹೋಗುತ್ತದೆ.

ಬಂದ ಮೇಲೆ ಚಾಯ್ಸ್ ಹಾಕುವುದು

ಅದೇ ರಾತ್ರಿ, ಬಸ್ಸಿನಲ್ಲೇ ಆದರೂ, ಮಗು ಮತ್ತು ದೊಡ್ಡವರು ಬೇರೆ ಬೇರೆಯಾಗಿ ಅರ್ಧ ಪುಟ ಬರೆದು ಆಮೇಲೆ ಅದಲುಬದಲು ಮಾಡಿಕೊಳ್ಳಿ. ಹತ್ತು ಅಂಶಕ್ಕೆ ಹತ್ತತ್ತು ಅಂಕ ಕೊಟ್ಟು ಕೂಡುವ ಪಟ್ಟಿಗಳನ್ನು ನಾವು ಮೆಚ್ಚುವುದಿಲ್ಲ. ಬೋಧಕರಿಲ್ಲದ ಕೊರತೆಯನ್ನು ಈಜುಕೊಳದ ಅಂಕ ತುಂಬಿಬಿಡುತ್ತದೆ. ಹೊರಡುವ ಮೊದಲು ಬರೆದ ಆ ಒಂದು ವಾಕ್ಯಕ್ಕೆ ಉತ್ತರ ಸಿಕ್ಕಿತೇ ಎಂದಷ್ಟೇ ನೋಡಿ.

ಇನ್ನು ಕೆಇಎ ಪುಟ ತೆರೆದು ಕೂರುವ ಹೊತ್ತು. ಚಾಯ್ಸ್ 1 ಎಂದರೆ ಈ ಸೀಟು ಸಾಕು, ಫೀ ಕಟ್ಟಿ ಸೇರುತ್ತೇನೆ, ಮುಂದಿನ ಸುತ್ತು ಬೇಡ. ಚಾಯ್ಸ್ 2 ಎಂದರೆ ಈ ಸೀಟು ಇರಲಿ, ಮೇಲಿನ ಆಪ್ಷನ್ ಬಂದರೆ ಅದು ಬೇಕು. ಚಾಯ್ಸ್ 3 ಎಂದರೆ ಇದು ಬೇಡ, ಮುಂದಿನ ಸುತ್ತಿಗೆ ಕಾಯುತ್ತೇನೆ. ಚಾಯ್ಸ್ 4 ಎಂದರೆ ಪ್ರಕ್ರಿಯೆಯಿಂದಲೇ ಹೊರಗೆ. ಕಾಮೆಡ್-ಕೆಯಲ್ಲೂ ಇದೇ ಅರ್ಥದ ಆಯ್ಕೆಗಳಿವೆ, ಹೆಸರು ಬೇರೆ: ‘ಅಕ್ಸೆಪ್ಟ್ ಅಂಡ್ ಫ್ರೀಜ್’, ‘ಅಕ್ಸೆಪ್ಟ್ ಅಂಡ್ ಅಪ್‌ಗ್ರೇಡ್’, ‘ರಿಜೆಕ್ಟ್ ಅಂಡ್ ಅಪ್‌ಗ್ರೇಡ್’.

ಹೆಚ್ಚು ಜನ ಎಡವುವುದು ಚಾಯ್ಸ್ 2ರಲ್ಲಿ. ಮುಂದಿನ ಸುತ್ತಿನಲ್ಲಿ ಮೇಲಿನ ಆಪ್ಷನ್ ಬಂದ ಕ್ಷಣ ಕೈಯಲ್ಲಿದ್ದ ಸೀಟು ತಾನಾಗಿ ರದ್ದಾಗಿ ಬೇರೆಯವರಿಗೆ ಹೋಗುತ್ತದೆ, ‘ಹಳೆಯದೇ ಇರಲಿ’ ಎನ್ನಲು ಆಗುವುದಿಲ್ಲ. ಮೊದಲ ಉತ್ಸಾಹದಲ್ಲಿ ನೂರು ಆಪ್ಷನ್ ತುಂಬಿದ ಪಟ್ಟಿಯಲ್ಲಿ, ನೀವು ಈಗ ಹೋಗಿ ನೋಡಿ ಬೇಡ ಎಂದುಕೊಂಡ ಕಾಲೇಜು ಹಾಗೆಯೇ ಮೇಲೆ ಕೂತಿರುತ್ತದೆ. ಅದನ್ನು ತೆಗೆಯದೆ ಚಾಯ್ಸ್ 2 ಒತ್ತಿದರೆ ಅದೇ ಬಂದು ಬೀಳಬಹುದು. ಚಾಯ್ಸ್ ದಾಖಲಿಸುವ ಮುಂಚೆ ಈಗಿನ ಸೀಟಿಗಿಂತ ಮೇಲಿರುವ ಪ್ರತಿ ಆಪ್ಷನ್ನನ್ನೂ ಒಂದೊಂದಾಗಿ ಓದಿ, ‘ಇದು ಬಂದರೆ ಈಗಿನದನ್ನು ಖುಷಿಯಿಂದ ಬಿಡುತ್ತೇವಾ?’ ಎಂದು ಕೇಳಿಕೊಳ್ಳಿ. ಅನುಮಾನ ಬಂದರೆ, ತೆಗೆಯಲು ಆ ಸುತ್ತಿನಲ್ಲಿ ಅವಕಾಶವಿರುವ ದಿನಾಂಕದೊಳಗೆ ಅಳಿಸಿ, ಬದಲಾದ ಪಟ್ಟಿಯನ್ನು ಮುದ್ರಿಸಿ ಇಟ್ಟುಕೊಳ್ಳಿ. ಮೇಲೆ ಏನೂ ಉಳಿಯದಿದ್ದರೆ ಚಾಯ್ಸ್ 1 ಒತ್ತಿ. ಖಾಸಗಿ ವಿಶ್ವವಿದ್ಯಾಲಯಕ್ಕೆ ಮೊದಲೇ ಮೂಲ ದಾಖಲೆ ಕೊಟ್ಟಿದ್ದರೆ ಅಂದೇ ಲಿಖಿತ ಅರ್ಜಿ ಕೊಟ್ಟು, ಸ್ವೀಕೃತಿಯ ಸಹಿ ಹಾಕಿಸಿಕೊಂಡು ವಾಪಸ್ ಕೇಳಿ. ಕಾಲೇಜಿಗೆ ವರದಿ ಮಾಡಿಕೊಳ್ಳುವ ಕೊನೆಯ ದಿನ ಟಿ.ಸಿ. ಬೇರೆ ಊರಿನ ಬೀರುವಿನಲ್ಲಿ ಉಳಿದರೆ ಸೀಟು ಕೈಗೆ ಬಂದೂ ಬರದಂತಾಗುತ್ತದೆ.